ಎಲೆಯಿದ್ದ ಕಂತೆ, ಎಲೆಯಿಲ್ಲದ ಕಂತೆ

ಲಿಪ್ಯಾಗಿ ಹಳ್ಳಿಯಲ್ಲಿ ಉಲಿತಾ ಕಟ್ಟಿದ ಕಡ್ಡಿಕಂತೆಯ ಪೆಟ್ಟು ತಿನ್ನದ ಬೆನ್ನು ಒಂದೂ ಇರಲಿಲ್ಲ. ಒಡತಿಯ ಬೆನ್ನೂ ಅದರಲ್ಲಿ ಸೇರಿತ್ತು. ವ್ಯತ್ಯಾಸವೇನಿದ್ದರೂ ಎಲೆಯದ್ದು.

ಬೇಸಿಗೆಯ ಆರಂಭದಲ್ಲಿ ಬರ್ಚ್ ಮರದ ಎಲೆ ಇನ್ನೂ ಎಳೆಯದಾಗಿ ಅಂಟಂಟಾಗಿರುವಾಗ ಅವಳು ಕುಡಿಗೊಂಬೆ ಕೊಯ್ದು ತಂದು, ಬುಡ ಮಟ್ಟಸ ಮಾಡಿ, ನಾರು ಸುತ್ತಿ ಗಂಟು ಹಾಕಿ ಅಟ್ಟದಲ್ಲಿ ತೂಗುಹಾಕುತ್ತಿದ್ದಳು. ಚಳಿಗಾಲದಲ್ಲಿ ಅದನ್ನು ಬಿಸಿನೀರಲ್ಲಿ ನೆನೆಸಿ, ಹಬೆಮನೆಯ ಹಲಗೆಯ ಮೇಲೆ ಬೋರಲು ಮಲಗಿದವರ ಬೆನ್ನಿಗೆ ಬಡಿದರೆ ಮೈಯ ನೋವೆಲ್ಲ ಬೆವರಾಗಿ ಇಳಿಯುತ್ತಿತ್ತು. ಅದು ಎಲೆಕಂತೆ. ಎಲೆ ಉದುರಿದ ಮೇಲೆ ಅದೇ ಮರದ ಅದೇ ಕಡ್ಡಿಗಳನ್ನು ಬೋಳಾಗಿ ಕೊಯ್ದು, ಉಪ್ಪುನೀರಿನ ಪೀಪಾಯಿಯಲ್ಲಿ ಅದ್ದಿಟ್ಟು ಕುದುರೆಲಾಯಕ್ಕೆ ಕಳಿಸಬೇಕು. ಅದು ಬರಿಗಡ್ಡಿ. ಜೀತದವರ ತೊಗಲು ಸುಲಿಯುತ್ತಿದ್ದುದು ಲಾಯದಲ್ಲಿ. ಗಂಟು ಮಾತ್ರ ಎರಡಕ್ಕೂ ಒಂದೇ: ಎರಡು ಸುತ್ತು, ಒಳಗಿಂದ ಎಳೆದು, ಹಲ್ಲಿನಲ್ಲಿ ಬಿಗಿದದ್ದು. ಕಂತೆ ಪುಡಿಯಾದರೂ ಉಲಿತಾಳ ಗಂಟು ಬಿಚ್ಚುತ್ತಿರಲಿಲ್ಲ.

"ನನ್ನ ಕೆಲಸ ಕಟ್ಟೋದು, ಹೊಡೆಯೋದಲ್ಲ," ಎನ್ನುತ್ತಿದ್ದಳು, ಯಾರಾದರೂ ಕೆಣಕಿದರೆ.

"ಹಂಗೇ ಅಂದ್ಕೊಂಡಿರು ತಂಗಿ," ಎಂದು ನಗುತ್ತಿದ್ದವನು ಲಾಯದ ಲುಕ್ಯಾನ್. ಕಂತೆ ಬೀಸುವ ಕೈ ಅವನದು. "ನೀನು ಕಟ್ತೀಯ, ನಾನು ಬೀಸ್ತೀನಿ. ನರಕದಲ್ಲಿ ಇಬ್ರನ್ನೂ ಒಂದೇ ಬಾಂಡ್ಲೀಲಿ ಹುರೀತಾರೆ. ಜಾಗ ಬಿಡು ಆಗ, ದಪ್ಪಗಿದೀಯ."

ಲುಕ್ಯಾನ್ ಕೆಟ್ಟವನಲ್ಲ. ಉಲಿತಾಳ ಮಗಳು ಅನಿಸ್ಯಾಳಿಗೆ ಹೆಸರಿಡುವಾಗ ಚರ್ಚಿನಲ್ಲಿ ಧರ್ಮತಂದೆಯಾಗಿ ನಿಂತವನು. ಹೊಡೆ ಅಂದರೆ ಹೊಡೆಯುತ್ತಿದ್ದ, ಸಾಕು ಅಂದರೆ ನಿಲ್ಲಿಸುತ್ತಿದ್ದ, ಮುಗಿದ ಮೇಲೆ ಹೋಗಿ ಕುಡಿಯುತ್ತಿದ್ದ. ಇಂಥವರಿಲ್ಲದೆ ಯಾವ ಒಡೆತನವೂ ಒಂದು ದಿನ ನಡೆಯುವುದಿಲ್ಲ.

ಉಲಿತಾಳ ಅಪ್ಪ ಸಿಸೋಯ್ ಇದೇ ಲಾಯದಲ್ಲಿ ಸಾಯಬೇಕಾಗಿತ್ತು. ಆಗ ಪೀಟರ್ಸ್‌ಬರ್ಗಿನ ಗದ್ದುಗೆಯ ಮೇಲೆ ಆನ್ನಾ ರಾಣಿಯಿದ್ದಳು. ಮುದಿ ಒಡೆಯನ ಬೇಟೆನಾಯಿಯ ಕಾಲು ಗಾಡಿಗೆ ಸಿಕ್ಕಿ ಮುರಿಯಿತೆಂದು ಸಿಸೋಯ್‌ನನ್ನು ಲಾಯದ ಬೆಂಚಿಗೆ ಕಟ್ಟಿ, ಪಕ್ಕೆಲುಬು ಕಾಣುವವರೆಗೆ ಸುಲಿದರು. ಇನ್ನೇನು ಉಸಿರು ನಿಲ್ಲಬೇಕು, ಅವನು ತಲೆಯೆತ್ತಿ ಕೂಗಿಬಿಟ್ಟ: "ದೊರೆಯ ಮಾತು! ದೊರೆಯ ಕೆಲಸ!"

ಹೊಡೆಯುವವನ ಕೈ ಗಾಳಿಯಲ್ಲೇ ನಿಂತಿತು. ಹಾಗೆ ಕೂಗಿದವನಿಗೆ ರಾಜದ್ರೋಹದ ಗುಟ್ಟು ಗೊತ್ತು ಎಂದು ಅರ್ಥ. ಆ ಕ್ಷಣದಿಂದ ಅವನು ಒಡೆಯನ ಆಳಲ್ಲ, ದೊರೆಯ ಸಾಕ್ಷಿ. ಜೀವಂತವಾಗಿ ರಹಸ್ಯ ಕಚೇರಿಗೆ ಒಪ್ಪಿಸಬೇಕು. ಅಷ್ಟರಲ್ಲಿ ಅವನು ಸತ್ತರೆ ಬಾಯಿ ಮುಚ್ಚಿಸಿದವರು ಯಾರೆಂದು ಕೇಳಲು ಅದೇ ಕಚೇರಿಯವರು ಬರುತ್ತಾರೆ. ಸಿಸೋಯ್ ಅಲ್ಲಿ ಹೋಗಿ ಹೇಳಿದ್ದೇನು? ರಾಣಿಯ ಆರೋಗ್ಯಕ್ಕೆಂದು ಎಲ್ಲರೂ ಬಟ್ಟಲೆತ್ತಿದಾಗ ತನ್ನ ಒಡೆಯ ಅರ್ಧ ಮಾತ್ರ ಕುಡಿದ ಎಂದು. ಇಷ್ಟೇ. ಮಾತು ನಿಜವೋ ಸುಳ್ಳೋ ನೋಡಲು ಮೊದಲು ಹೇಳಿದವನನ್ನೇ ಕೈ ಹಿಂದಕ್ಕೆ ಕಟ್ಟಿ ತೊಲೆಗೆ ತೂಗುಹಾಕಿದರು. ಭುಜದ ಕೀಲು ಎರಡೂ ಕಳಚಿದವು. ಆದರೆ ಒಡೆಯನನ್ನೂ ಎಳೆದೊಯ್ದು ಕೂರಿಸಿ ಕೇಳಿದರು. ಮುದುಕ ಮೂತ್ರ ಮಾಡಿಕೊಂಡು ಊರಿಗೆ ಬಂದವನು ಮತ್ತೆ ಸಿಸೋಯ್‌ನ ಕಡೆ ಕಣ್ಣೆತ್ತಿ ನೋಡಲಿಲ್ಲ.

ಅಪ್ಪನಿಗೆ ಆಮೇಲೆ ಕೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಉಲಿತಾಳೇ ಸಾರು ಕುಡಿಸುತ್ತಿದ್ದಳು.

"ನಿನಗೆ ಬಿಟ್ಟು ಹೋಗಕ್ಕೆ ನನ್ನತ್ರ ಏನೂ ಇಲ್ಲ ಮಗಾ," ಎನ್ನುತ್ತಿದ್ದ. "ಆ ಕೂಗು ಒಂದಿದೆ. ಇಟ್ಕೋ. ಸುಮ್‌ಸುಮ್ನೆ ಖರ್ಚು ಮಾಡಬೇಡ. ಭುಜ ಹೋಗ್ತದೆ, ಜೀವ ಉಳೀತದೆ."

ಉಲಿತಾ ಆ ಕೂಗನ್ನು ಇಟ್ಟುಕೊಂಡಳು. ಮದುವೆಗೆ ಮುಂಚೆ ಮುದಿ ಒಡೆಯ ಹಬೆಮನೆಯ ಬಾಗಿಲ ಅಗಳಿ ಹಾಕಿದಾಗ ಗಂಟಲವರೆಗೆ ಬಂದದ್ದನ್ನು ನುಂಗಿಕೊಂಡಳು. ಯೆಲಿಜವೇತಾ ರಾಣಿಯ ಪ್ರಷ್ಯಾ ಯುದ್ಧಕ್ಕೆ ಗಂಡನ ಹಣೆಯ ಮೇಲಿನ ಕೂದಲು ಬೋಳಿಸಿ ಸಿಪಾಯಿ ಮಾಡಿ ಒಯ್ದಾಗಲೂ ಕೂಗಲಿಲ್ಲ. ಗಂಡ ತಿರುಗಿ ಬರಲಿಲ್ಲ, ಅವನ ಸುದ್ದಿಯೂ ಬರಲಿಲ್ಲ. ಆ ರಾಣಿ ಸತ್ತಳು. ನಡುವೆ ಅರ್ಧ ವರ್ಷ ಒಬ್ಬ ಗಂಡಸು ಗದ್ದುಗೆಯ ಮೇಲೆ ಕೂತ. ಅವನ ಹೆಂಡತಿ ಅವನನ್ನು ಇಳಿಸಿ ತಾನು ಹತ್ತಿದಳು. ಅವಳೇ ಯೆಕತೆರಿನಾ, ಜರ್ಮನ್ ನಾಡಿನಿಂದ ಬಂದ ಸೊಸೆ.

ಗದ್ದುಗೆ ಏರಿ ಐದು ವರ್ಷವಾದ ಮೇಲೆ ಒಂದು ಬೇಸಿಗೆ ರಾಣಿ ವೋಲ್ಗಾ ನದಿಯ ಮೇಲೆ ದೋಣಿಗಳ ದಂಡು ಕಟ್ಟಿಕೊಂಡು ಬಂದಳು. ಲಿಪ್ಯಾಗಿಯವರನ್ನು ಒಗೆದ ಅಂಗಿ ಹಾಕಿಸಿ ದಂಡೆಯಲ್ಲಿ ನಿಲ್ಲಿಸಿ ಜಯಕಾರ ಕೂಗಿಸಿದರು. ಚಿನ್ನದ ಬಣ್ಣದ ದೋಣಿಯೊಂದು ದೂರದಲ್ಲಿ ಸಾಗಿಹೋಯಿತು.

"ರಾಣಿತಾಯಿ ನಮ್ಮನ್ನ ನೋಡಿದ್ಲು ಕಣಮ್ಮಾ!" ಎಂದಳು ಅನಿಸ್ಯಾ.

"ನಮ್ಮನ್ನಲ್ಲ, ಹೊಳೇನ," ಎಂದಳು ಉಲಿತಾ. ಆದರೂ ಅವಳ ಕಣ್ಣು ದೋಣಿಯ ಹಿಂದೆಯೇ ಹೋಯಿತು. ಊರಲ್ಲಿ ಎಲ್ಲರೂ ನಂಬಿದ್ದು ಒಂದನ್ನೇ: ತಾಯಿಗೆ ಗೊತ್ತಿಲ್ಲ, ಗೊತ್ತಾದರೆ ಈ ಒಡೆಯರನ್ನೆಲ್ಲ ಸುಮ್ಮನೆ ಬಿಡುವುದಿಲ್ಲ. ನಂಬಿಕೆ ಅಂದರೆ ಹೀಗಿರಬೇಕು, ದೋಣಿ ದೂರ ಹೋದಷ್ಟೂ ಗಟ್ಟಿ.

ಈಗ ಲಿಪ್ಯಾಗಿ ಮುದಿ ಒಡೆಯನ ಸೊಸೆ ಗ್ಲಾಫಿರಾ ಅರ್ಸೆನ್ಯೆವ್ನಾಳದು. ವಿಧವೆ. ಓದುಬರಹ ಬಾರದು, ಕೈ ಸುಮ್ಮನಿರದು. ಚೆನ್ನಾಗಿ ಉಪವಾಸ ಮಾಡುತ್ತಿದ್ದಳು, ಚೆನ್ನಾಗಿ ಹೊಡೆಸುತ್ತಿದ್ದಳು. ಇಸ್ತ್ರಿಪೆಟ್ಟಿಗೆಯ ಕೆಂಡವನ್ನು ಒಗೆಯುವವಳ ಅಂಗೈಗೆ ಸುರಿದದ್ದುಂಟು. ಬೆಣ್ಣೆ ಕದ್ದಳೆಂದು ಅಡುಗೆಯವಳನ್ನು ಹಿಮದ ಮೇಲೆ ಬರಿಗಾಲಲ್ಲಿ ನಿಲ್ಲಿಸಿದ್ದಳು. ಕಾಲುಬೆರಳು ಕಪ್ಪಾಗಿ ಉದುರಿದ ಮೇಲೆ ಬೆಣ್ಣೆ ಬೇರೆ ಕಡೆ ಸಿಕ್ಕಿತು. "ಹೋಗಲಿ, ಇನ್ನು ಕದಿಯಕ್ಕೂ ಓಡಲ್ಲ," ಎಂದಳಂತೆ ಒಡತಿ.

ಹಬೆಮನೆಯಲ್ಲಿ ಮಾತ್ರ ಅವಳ ನಾಲಗೆ ಸಡಿಲವಾಗುತ್ತಿತ್ತು. ಬೆನ್ನಿಗೆ ಎಲೆಕಂತೆ ಬೀಳುತ್ತಿದ್ದಂತೆ, ಜೇನಿನ ಮದ್ಯ ಹೀರುತ್ತ, ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು: "ಆ ಜರ್ಮನ್ ಮೂಳಿ ಗಂಡನ್ನ ನುಂಗಿ ನೀರು ಕುಡಿದು ಗದ್ದುಗೆ ಏರಿದಾಳೆ. ಬೀದಿಯಲ್ಲಿ ಸಿಕ್ಕಿದ್ರೆ ನನ್ನ ಲಾಯಕ್ಕೆ ಹಾಕಿ ನಾಲ್ಕು ಬಿಗೀತಿದ್ದೆ." ಬಡಿಯುತ್ತಿದ್ದ ಉಲಿತಾಳೂ ನೀರೆರೆಯುತ್ತಿದ್ದ ಅನಿಸ್ಯಾಳೂ ಅವಳ ಲೆಕ್ಕದಲ್ಲಿ ಗೋಡೆಯೇ.

ಅದೇ ವರ್ಷದ ಶರತ್ಕಾಲದ ಒಂದು ಶನಿವಾರ ಒಡತಿಗೆ ಹಬೆ ಸಾಲಲಿಲ್ಲ.

"ಹೊಗೆಕಿಂಡಿ ಮುಚ್ಚೇ. ಕಾವೆಲ್ಲ ಹೋಗ್ತಿದೆ."

"ಕೆಂಡ ಇನ್ನೂ ನೀಲಿ ಉರಿ ಉಗುಳ್ತಿದೆ ಅಮ್ಮಾವ್ರೇ," ಎಂದಳು ಅನಿಸ್ಯಾ. "ವಿಷಹೊಗೆ ತಲೆಗೆ ಹೊಡೀತದೆ."

"ನಿನ್ನ ತಲೆಗೆ ನಾನು ಹೊಡೀತೀನಿ. ಮುಚ್ಚು!"

ಮುಚ್ಚಿದಳು. ಸ್ವಲ್ಪದರಲ್ಲೇ ಒಡತಿ ವಾಂತಿ ಮಾಡಿಕೊಂಡು ಹಲಗೆಯಿಂದ ದೊಪ್ಪನೆ ಕೆಳಗುರುಳಿದಳು. ತಾಯಿ ಮಗಳು ಸೇರಿ ಆ ಬೆತ್ತಲೆ ಭಾರವನ್ನು ಹೊರಗಿನ ಹುಲ್ಲಿಗೆ ಎಳೆದು ತಂದು, ಮುಖಕ್ಕೆ ತಣ್ಣೀರು ಎರಚಿ ಬದುಕಿಸಿದರು. ಕಣ್ಣು ಬಿಟ್ಟ ಒಡತಿ ಮೊದಲು ಕಂಡದ್ದು ತನ್ನ ಸುತ್ತ ನಿಂತು ತನ್ನ ಮೈ ನೋಡುತ್ತಿದ್ದ ಅಂಗಳದ ಆಳುಗಳನ್ನು.

"ನನ್ನ ಕೊಲ್ಲಕ್ಕೆ ನೋಡಿದ್ಲು," ಎಂದಳು, ಅನಿಸ್ಯಾಳ ಕಡೆ ಕೈ ಮಾಡಿ. "ಲಾಯಕ್ಕೆ ಹಾಕಿ. ನಾನು ಸಾಕು ಅನ್ನೋವರೆಗೂ."

ಸಾಕು ಅನ್ನೋವರೆಗೂ ಎಂದರೆ ಏನೆಂದು ಊರಿಗೆಲ್ಲ ಗೊತ್ತಿತ್ತು. ಆ ವರ್ಷ ಹಾಗೆ ಲಾಯಕ್ಕೆ ಹೋದ ಅಡುಗೆಯವಳ ತಮ್ಮ ಸ್ಮಶಾನದಲ್ಲಿದ್ದ.

ಕಂತೆ ತರಬೇಕಾದವಳು ಉಲಿತಾ. ಅವಳು ಅಟ್ಟ ಹತ್ತಿ, ಉಪ್ಪುನೀರು ಕಾಣದ, ಹುಳ ಹಿಡಿದ ಹಳೆಯ ಕಡ್ಡಿಗಳನ್ನೇ ಆರಿಸಿ ಕಟ್ಟಿ ತಂದಳು. ಅನಿಸ್ಯಾಳನ್ನು ಬೆಂಚಿಗೆ ಬಿಗಿದು ಅಂಗಿ ಕುತ್ತಿಗೆಯವರೆಗೆ ಎಳೆದಿದ್ದರು. ಒಡತಿ ಕುರ್ಚಿ ಹಾಕಿಸಿಕೊಂಡು, ತಲೆಗೆ ಸೌತೆಕಾಯಿಯ ತಂಪು ಪಟ್ಟಿ ಕಟ್ಟಿಕೊಂಡು ಕೂತಿದ್ದಳು.

ಲುಕ್ಯಾನ್ ಬೀಸಿದ. ಕಡ್ಡಿ ಪಟಪಟನೆ ಮುರಿದು ಹಾರಿದವು. ಅವನು ಉಲಿತಾಳ ಮುಖ ನೋಡಲಿಲ್ಲ, ಇನ್ನೊಂದು ಕಂತೆ ತೆಗೆದುಕೊಂಡ. ಅದೂ ಪುಡಿಯಾಯಿತು.

"ಏನಿದು, ಪೊರಕೆಯಾ?" ಎಂದಳು ಒಡತಿ. "ಪಾಂಕ್ರಾತ್! ಪೀಪಾಯೀಲಿರೋದನ್ನ ತಾ."

ಕಾರಭಾರಿ ಪಾಂಕ್ರಾತ್ ಪೀಪಾಯಿಯನ್ನೇ ಉರುಳಿಸಿಕೊಂಡು ಬಂದ. ಅದರಲ್ಲಿ ನೆನೆದಿದ್ದವೂ ಉಲಿತಾ ಕಟ್ಟಿದವೇ, ಹೋದ ವಾರ, ಯಾರಿಗೋ ಎಂದುಕೊಂಡು ಕಟ್ಟಿದವು. ಅವು ಮುರಿಯಲಿಲ್ಲ. ಮೊದಲ ಪೆಟ್ಟಿಗೆ ಬೆನ್ನು ಬಿರಿಯಿತು. ಆಮೇಲಿನದಕ್ಕೆ ರಕ್ತ ಲುಕ್ಯಾನನ ಗಡ್ಡಕ್ಕೆ ಸಿಡಿಯಿತು. ಉಪ್ಪುನೀರು ಗಾಯಕ್ಕಿಳಿದು ಅನಿಸ್ಯಾ ಬೆಂಚನ್ನೇ ಎತ್ತಿ ಕುಕ್ಕಿದಳು. ಕಿರುಚಾಟ ನರಳಾಟವಾಯಿತು. ನರಳಾಟ ಗೊರಗೊರವಾಯಿತು. ತೊಗಲು ಕಂತೆಯ ತುದಿಗೆ ಅಂಟಿಕೊಂಡು ಬರುತ್ತಿತ್ತು.

"ಅಮ್ಮಾವ್ರೇ, ಸಾಕಾ?" ಎಂದ ಲುಕ್ಯಾನ್.

"ನಾನು ಅಂದ್ನಾ?"

ಆಗ ಉಲಿತಾ ಬಾಯಿ ತೆರೆದಳು. ಇಡೀ ಬದುಕು ಹಲ್ಲಿನ ಹಿಂದೆ ಇಟ್ಟುಕೊಂಡಿದ್ದನ್ನು ಲಾಯದ ಸೂರು ಅದುರುವಂತೆ ಕೂಗಿದಳು.

"ದೊರೆಯ ಮಾತು! ದೊರೆಯ ಕೆಲಸ!"

ಲುಕ್ಯಾನ್ ಕಂತೆಯನ್ನು ಕೆಂಡ ಬಿಸಾಕುವಂತೆ ಬಿಸಾಕಿದ. ಪಾಂಕ್ರಾತ್ ಟೋಪಿ ತೆಗೆದ, ಯಾಕೆ ತೆಗೆದನೆಂದು ಅವನಿಗೂ ಗೊತ್ತಿಲ್ಲ. ಒಡತಿಯ ಮುಖ ಸುಣ್ಣವಾಯಿತು.

"ಹಬೆಮನೆ ಮಾತು ನನಗೆ ಗೊತ್ತು," ಎಂದಳು ಉಲಿತಾ. ತಲೆ ಓಡುತ್ತಿತ್ತು. ಕೂಗು ಕಾಯುವುದು ಕೂಗಿದವಳನ್ನು ಮಾತ್ರ. "ನಾನೊಬ್ಬಳೇ ಅಲ್ಲ. ನನ್ನ ಮಗಳೂ ಕೇಳಿಸ್ಕೊಂಡವಳೆ. ಅವಳು ಸಾಕ್ಷಿ. ಅವಳ ಮೈಮೇಲೆ ಇನ್ನೊಂದು ಕಡ್ಡಿ ಬಿದ್ರೆ, ದೊರೆ ಸಾಕ್ಷೀನ ಕೊಂದ್ರಿ ಅಂತ ಅಲ್ಲಿ ಹೇಳ್ತೀನಿ. ಲುಕ್ಯಾನಣ್ಣ, ಬಿಚ್ಚು ಹಗ್ಗಾನ."

ಲುಕ್ಯಾನ್ ಬಿಚ್ಚಿದ. ಒಡತಿ ಬೇಡ ಅನ್ನಲಿಲ್ಲ.

ಇಬ್ಬರನ್ನೂ ಗಾಡಿಗೆ ಹಾಕಿಕೊಂಡು ಪಾಂಕ್ರಾತ್ ಪಟ್ಟಣಕ್ಕೆ ಹೊರಟ. ಅನಿಸ್ಯಾ ಹುಲ್ಲಿನ ಮೇಲೆ ಬೋರಲಾಗಿದ್ದಳು. ದಾರಿಯುದ್ದಕ್ಕೂ ಉಲಿತಾ ನೊಣ ಓಡಿಸುತ್ತ, ಕ್ವಾಸ್ ಎಂಬ ಹುಳಿ ಪಾನೀಯದಲ್ಲಿ ಬಟ್ಟೆ ಅದ್ದಿ ಅವಳ ತುಟಿಗೆ ಒತ್ತುತ್ತ ಕೂತಳು. ಮನಸ್ಸಿನಲ್ಲಿ ಅಪ್ಪನಿಗೆ ಕೈ ಮುಗಿದಳು. ಭುಜ ಹೋಗ್ತದೆ, ಹೋಗಲಿ.

ಸರ್ಕಾರಿ ಕಚೇರಿಯ ಹಿರಿಯ ಗುಮಾಸ್ತ ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ. ಪಾಂಕ್ರಾತ್ ಹೇಳಿದ್ದನ್ನು ಕೇಳಿ ಸಿಪ್ಪೆ ಉಗಿದು, ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನು ಕೂಗಿದಳು? ದೊರೆಯ ಮಾತಾ? ಅಯ್ಯೋ ನಿಮ್ಮ ಊರಿಗೆ ಬೆಂಕಿ ಹಾಕ! ಆ ಕೂಗು ಸತ್ತು ಎಷ್ಟು ವರ್ಷ ಆಯ್ತು! ರಾಣಿಯ ಗಂಡ ಇದ್ದಾಗಲೇ ತೆಗೆದುಹಾಕಿದ, ರಾಣೀನೂ ಅದನ್ನೇ ಎತ್ತಿ ಹಿಡಿದಳು. ಹಂಗೆ ಕೂಗೋದೇ ಈಗ ತಪ್ಪು. ಚರ್ಚಲ್ಲಿ ಓದಲಿಲ್ವಾ?"

ಓದಿರಬೇಕು. ಲಿಪ್ಯಾಗಿಯ ಪಾದ್ರಿ ಅಪ್ಪಣೆಗಳನ್ನೆಲ್ಲ ಪ್ರಾರ್ಥನೆಯ ರಾಗದಲ್ಲೇ, ಒಂದೇ ಉಸಿರಿನಲ್ಲಿ ಓದುತ್ತಿದ್ದ. ಜನ ಅದನ್ನೂ ದೇವರ ಮಾತೆಂದು ಶಿಲುಬೆಯ ಗುರುತು ಹಾಕಿಕೊಂಡು, ನೆಲಕ್ಕೆ ಹಣೆ ಹಚ್ಚಿ ಮನೆಗೆ ಹೋಗುತ್ತಿದ್ದರು. ಮುಂದಿನ ಸಾಲಿನಲ್ಲಿ ನಿಂತು ಒಡತಿಯೂ ಹಾಗೇ ಮಾಡಿದ್ದಳು. ಸತ್ತ ಕೂಗಿಗೆ ಇಡೀ ಲಾಯ ಹೆದರಿತ್ತು.

ಪಾಂಕ್ರಾತನಿಗೆ ಅರ್ಥವಾಗುತ್ತಿದ್ದಂತೆ ಟೋಪಿ ಮತ್ತೆ ತಲೆಗೇರಿತು. "ಹಂಗಾದ್ರೆ ವಾಪಸ್ ಕರ್ಕೊಂಡು ಹೋಗ್ತೀನಿ ಸ್ವಾಮಿ. ಅಮ್ಮಾವ್ರು ಕಾಯ್ತಿರ್ತಾರೆ."

"ಮಾತು ಸುಳ್ಳಲ್ಲ ಬುದ್ಧೀ," ಎಂದಳು ಉಲಿತಾ. ಒಡತಿ ರಾಣಿಯ ಬಗ್ಗೆ ಆಡಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

ಗುಮಾಸ್ತನ ನಗು ನಿಂತಿತು. ಎದ್ದು ಬಾಗಿಲು ಮುಚ್ಚಿ ಬಂದ.

"ನಾನು ಕೇಳಿಸ್ಕೊಂಡಿಲ್ಲ," ಎಂದ ತಗ್ಗಿದ ದನಿಯಲ್ಲಿ. "ಇದನ್ನ ಮೇಲಕ್ಕೆ ಕಳಿಸಿದ್ರೆ ನನ್ನನ್ನೂ ಕೂರಿಸಿ ಕೇಳ್ತಾರೆ. ನೋಡು ಮುದುಕಿ, ಈ ಬೇಸಿಗೇಲಿ ಹೊಸ ಅಪ್ಪಣೆ ಬಂದಿದೆ. ತಮ್ಮ ಒಡೆಯರ ಮೇಲೆ ದೂರು ಕೊಟ್ಟ ಜೀತದವರಿಗೆ ಚಾಟಿ, ಆಮೇಲೆ ಸಾಯೋವರೆಗೂ ಆ ದೂರದ ನೆರ್ಚಿನ್ಸ್ಕ್ ಗಣೀಲಿ ದುಡಿತ. ಬಾಯಿ ತಪ್ಪಿ ಬಂತು ಅಂದ್ಬಿಡು. ಊರಿಗೆ ಹೋಗಬಹುದು."

ಚಿನ್ನದ ದೋಣಿಯಿಂದ ಇಳಿದ ತಾಯಿ ಬರೆಸಿದ ಅಪ್ಪಣೆ.  ಹಿಂದಿನ ರಾಣಿ ಶಿಕ್ಷೆಗೊಳಗಾದ ಹೆಂಗಸರ ಮೂಗಿನ ಹೊಳ್ಳೆ ಸೀಳುವುದನ್ನು ನಿಲ್ಲಿಸಿ ಮೂಗು ಉಳಿಸಿದ್ದಳು. ಈ ರಾಣಿ ಬಾಯಿ ಕಿತ್ತುಕೊಂಡಳು.

ಉಲಿತಾ ಬಾಗಿಲ ಬಳಿ ನೆಲದ ಮೇಲೆ ಮಲಗಿಸಿದ್ದ ಮಗಳ ಬೆನ್ನು ನೋಡಿದಳು. ಅದರ ಮೇಲೆ ಚಾಟಿ ಬೀಳುವುದನ್ನು ಅವಳ ತಲೆ ಒಪ್ಪಲಿಲ್ಲ.

"ದೂರು ನಂದು," ಎಂದಳು. "ನನ್ನೊಬ್ಬಳದೇ. ಹುಡುಗಿ ಏನೂ ಕೇಳಿಸ್ಕೊಂಡಿಲ್ಲ."

"ಸರಿ ಹಂಗಾದ್ರೆ," ಪಾಂಕ್ರಾತ್ ಹಲ್ಲು ಬಿಟ್ಟ. "ಮುದುಕೀನ ನೀವಿಟ್ಕೊಳ್ಳಿ ಸ್ವಾಮಿ. ಹುಡುಗೀನ ನಾನು ಗಾಡಿಗೆ ಹಾಕ್ಕೋತೀನಿ. ಒಡತಿಯ ಸೊತ್ತು. ಲಾಯದ ಕೆಲಸ ಅರ್ಧಕ್ಕೇ ನಿಂತಿದೆ."

 ಮಗಳನ್ನು ಉಳಿಸಲು ಆಡಿದ ಮಾತೇ ಮಗಳನ್ನು ಬೆಂಚಿಗೆ ವಾಪಸ್ ಕಟ್ಟುತ್ತಿತ್ತು.

"ನಾನೂ ದೂರು ಕೊಡ್ತೀನಿ."

ದನಿ ಬಾಗಿಲ ಬಳಿಯ ನೆಲದಿಂದ ಬಂತು. ಅನಿಸ್ಯಾ ಮೊಣಕೈಯೂರಿ ತಲೆಯೆತ್ತಿದ್ದಳು. ಕೂದಲೆಲ್ಲ ರಕ್ತದಲ್ಲಿ ಗಟ್ಟಿಕಟ್ಟಿತ್ತು.

"ನಿನ್ನ ಬೆನ್ನು ನೋಡ್ಕೊಂಡಿದೀಯೇನೇ ಹುಡುಗಿ?" ಎಂದ ಗುಮಾಸ್ತ.

"ನನಗೆ ಕಾಣಲ್ವಲ್ಲ ಸ್ವಾಮಿ. ಬರ್ಕೊಳ್ಳಿ."

"ಲೇ, ಬಾಯ್ಮುಚ್ಚು," ಎಂದು ಪಾಂಕ್ರಾತ್ ಕಾಲೆತ್ತಿದ. ಉಲಿತಾ ಮೇಜಿನ ಮೇಲಿದ್ದ ಸೀಸದ ಮಸಿಕುಡಿಕೆ ಎತ್ತಿ ಅವನ ಬಾಯಿಗೇ ಬಡಿದಳು. ಮುಂದಿನ ಹಲ್ಲು ಮುರಿದು, ಮಸಿಯೂ ರಕ್ತವೂ ಗಡ್ಡದ ಮೇಲೆ ಒಟ್ಟಿಗೆ ಹರಿದವು. ಕಾವಲಿನವರು ಬಂದೂಕಿನ ಹಿಡಿಯಿಂದ ಅವಳ ಪಕ್ಕೆಗೆ ಗುದ್ದಿ ಕೆಡವಿದರು. ಪಕ್ಕೆಲುಬು ಮುರಿದ ಶಬ್ದ ಅವಳಿಗೇ ಕೇಳಿಸಿತು. ಬಿದ್ದಲ್ಲಿಂದಲೇ ಮಗಳ ಕಡೆ ನೋಡಿದಳು. ಅನಿಸ್ಯಾ ಇನ್ನೂ ಮೊಣಕೈ ಮೇಲೇ ಇದ್ದಳು.

"ಇಬ್ರದೂ ಬರ್ಕೋತೀನಿ," ಎಂದ ಗುಮಾಸ್ತ ಬೇಸರದಿಂದ, ಹೊಸ ಮಸಿ ತರಿಸುತ್ತ. "ನೀನು ಮನೆಗೆ ಹೋಗಪ್ಪಾ."

ಪಾಂಕ್ರಾತ್ ಖಾಲಿ ಗಾಡಿ ಹೊಡೆದುಕೊಂಡು ಹೋದ.

ಗಾಯ ಒಣಗುವವರೆಗೆ ಸೆರೆಯಲ್ಲಿಟ್ಟಿದ್ದು ಕರುಣೆಗಲ್ಲ. ಹಸಿ ಬೆನ್ನಿಗೆ ಚಾಟಿ ಬಿದ್ದರೆ ಬೇಗ ಸಾಯುತ್ತಾರೆ, ಗಣಿಗೆ ಆಳು ಕಡಿಮೆಯಾಗುತ್ತದೆ. ಹಿಮ ಬಿದ್ದ ಮೇಲೆ ಒಂದು ಸಂತೆಯ ದಿನ ಇಬ್ಬರನ್ನೂ ಚೌಕಕ್ಕೆ ತಂದರು. ಬೆಲ್ಲದ ರೊಟ್ಟಿ ಮಾರುವವರು ಬುಟ್ಟಿ ಹೊತ್ತು ಮುಂದೆ ಬಂದು ನಿಂತರು.

ಚಾಟಿಯವನು ಸ್ವತಃ ಶಿಕ್ಷೆಯಾದವನು, ಹಣೆಯ ಮೇಲೆ ಬರೆ ಇತ್ತು. ತೊಗಲಿನ ಚಾಟಿಯ ತುದಿ ಹಾಲಿನಲ್ಲಿ ನೆನೆಸಿ ಬಿಸಿಲಿಗೆ ಒಣಗಿಸಿದ್ದು, ಕತ್ತಿಯಂತೆ ಅಂಚು ಬಂದಿತ್ತು.

"ಉಸಿರು ಕಟ್ಟಬೇಡ ಅಜ್ಜಿ," ಎಂದ, ಕೈ ಕಟ್ಟುತ್ತ. "ಬಿಟ್ಟುಬಿಡು."

"ನನಗೆ ಹೇಳ್ಕೊಡ್ತೀಯಾ? ನಿಮ್ಮಂಥೋರಿಗೆ ಕಂತೆ ಕಟ್ಟಿಕೊಟ್ಟೇ ಮುದುಕಿಯಾದೋಳು ನಾನು."

ಅವನು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿಬಂದು ಬೀಸಿದ. ಕಡ್ಡಿ ಸುಲಿಯುತ್ತದೆ, ಚಾಟಿ ಕೊಯ್ಯುತ್ತದೆ. ಹೆಗಲಿನಿಂದ ಸೊಂಟದವರೆಗೆ ಮಾಂಸ ಪಟ್ಟಿಯಾಗಿ ಎದ್ದಿತು. ಉಲಿತಾ ಪ್ರಾಣಿಯಂತೆ ಕೂಗಿದಳು, ನಾಚಿಕೆಯಿಲ್ಲದೆ ಕೂಗಿದಳು. ಬಲ ಭುಜದ ನರ ಕತ್ತರಿಸಿದ್ದು ಆಗಲೇ. ಬಿಚ್ಚಿ ಹಿಮದ ಮೇಲೆ ಹಾಕಿದಾಗ ಅವಳ ಸುತ್ತ ಹಿಮ ಕರಗಿ ಕೆಂಪು ಕೆಸರಾಯಿತು.

ಮಗಳನ್ನು ಕಟ್ಟುವುದು ಅವಳಿಗೆ ಕಾಣುತ್ತಿರಲಿಲ್ಲ, ಮುಖ ಆ ಕಡೆ ತಿರುಗಿಸಲು ಕುತ್ತಿಗೆ ಬರಲಿಲ್ಲ. ಕೇಳಿಸುತ್ತಿತ್ತು. ಚಾಟಿಯ ಸದ್ದು, ಅನಿಸ್ಯಾಳ ಕಿರುಚಾಟ. ಮತ್ತೆ ಸದ್ದು, ಮತ್ತೆ ಕಿರುಚಾಟ. ಆಮೇಲೆ ಬರೀ ಚಾಟಿಯ ಸದ್ದು.

"ಕಿರುಚೇ!" ಉಲಿತಾ ಕೆಸರಿನಲ್ಲೇ ಬೊಬ್ಬೆ ಹಾಕಿದಳು. "ಕಿರುಚೇ ಮುಂಡೇದೆ! ಸುಮ್ನಾಗ್ಬೇಡ! ಬೈಯೇ ನನ್ನ!"

ರೊಟ್ಟಿ ಮಾರುವವಳು ಶಿಲುಬೆಯ ಗುರುತು ಹಾಕಿಕೊಂಡಳು. ಮುದುಕಿಗೆ ತಲೆ ಕೆಟ್ಟಿತು ಎಂದುಕೊಂಡರು ಜನ. ಚಾಟಿ ಮತ್ತೆ ಬಿತ್ತು. ಸದ್ದಿಲ್ಲ.

"ಲೇ ಅನಿಸ್ಯಾ!"

"ಇದೀನಿ," ಎಂದಿತು ಒಂದು ದನಿ, ಹರಿದ ಬಟ್ಟೆಯಂಥ ದನಿ. "ಇದೀನಿ, ನಿನ್ನ ಬಾಯಿ ಸೇದೋಗ. ಇದೀನಿ."

ನೆರ್ಚಿನ್ಸ್ಕ್‌ಗೆ ನಡೆದು ಹೋಗುವ ದಾರಿಯಲ್ಲಿ ಸಂಕೋಲೆಯ ಸಾಲಿನಿಂದ ಎಷ್ಟೋ ಜನರನ್ನು ಬಿಚ್ಚಿ ಹಳ್ಳಕ್ಕೆ ಹಾಕಿದರು. ಇವರಿಬ್ಬರು ತಲುಪಿದರು. ಅನಿಸ್ಯಾ ಗಣಿಯ ಬಾಯಲ್ಲಿ ಅದಿರು ಆರಿಸಲು ಕೂತಳು. ಬಲಗೈ ಎದೆಯಿಂದ ಮೇಲೆ ಏಳದ ಉಲಿತಾಳನ್ನು ಕೈದಿಗಳ ಹಬೆಮನೆಗೆ ಹಾಕಿದರು. ಗ್ಲಾಫಿರಾ ಅರ್ಸೆನ್ಯೆವ್ನಾ ಲಿಪ್ಯಾಗಿಯಲ್ಲಿ ಚೆನ್ನಾಗಿಯೇ ಇದ್ದಳು. ಭಾನುವಾರ ಮುಂದಿನ ಸಾಲಿನಲ್ಲಿ ನಿಂತು ರಾಣಿಯ ಆಯುಸ್ಸಿಗೆ ಪ್ರಾರ್ಥಿಸುತ್ತಿದ್ದಳು. ಉಲಿತಾಳ ದೂರಿನ ಬಗ್ಗೆ ಯಾರೂ ಅವಳನ್ನು ಏನೂ ಕೇಳಲಿಲ್ಲ.

ಹಬೆಮನೆಯಲ್ಲಿ ಅನಿಸ್ಯಾ ಎಲೆಕಂತೆಯನ್ನು ಬೆನ್ನಿಗೆ ತಾಕಿಸಿಕೊಳ್ಳುತ್ತಿರಲಿಲ್ಲ.

"ಎಲೆ ಕಣೇ ಇದು," ಎಂದಳು ಉಲಿತಾ ಒಂದು ಸಲ. "ನೋಯಲ್ಲ."

"ಎಲೆ ಅಲ್ಲಮ್ಮ. ಗಂಟು." ಅನಿಸ್ಯಾ ನೀರು ಸುರಿದುಕೊಂಡಳು. "ಅವತ್ತು ಬೆಂಚಿನ ಕೆಳಗೆ ಕಂತೆ ಬಿದ್ದಿತ್ತು. ಕಡ್ಡಿ ಎಲ್ಲ ಮುರಿದು ಬುಡ ಮಾತ್ರ. ನನ್ನ ಕಣ್ಣ ಮುಂದೇನೇ. ಎಷ್ಟು ಗಟ್ಟಿ ಗಂಟು ಹಾಕ್ತಿದ್ದೆ ನೀನು."

ಉಲಿತಾ ಅಂಗೈಗೆ ಬೂದಿನೀರು ಹಚ್ಚಿಕೊಂಡು, ಏಳುವಷ್ಟು ಎದ್ದ ಕೈಯಿಂದ ಮಗಳ ಬೆನ್ನು ಉಜ್ಜಿದಳು. ಅಲ್ಲಿ ತೊಗಲು ಎಲ್ಲಿ ಶುರು, ಗಾಯದ ಗುರುತು ಎಲ್ಲಿ ಕೊನೆ ಎಂದು ಹೇಳುವಂತಿರಲಿಲ್ಲ.

ಆ ಮಾತಾದ ವರ್ಷವೇ ಶರತ್ಕಾಲದಲ್ಲಿ ಗಣಿಯ ಮೇಸ್ತ್ರಿ ಬೋಳು ಬರ್ಚ್ ಕಡ್ಡಿಗಳ ಹೊರೆ ತಂದು ಹಬೆಮನೆಯ ಹೊರಗೆ ಕೂತಿದ್ದ ಉಲಿತಾಳ ಮುಂದೆ ಎಸೆದ. ಓಡಿಹೋಗಿ ಸಿಕ್ಕಿಬಿದ್ದ ಇಬ್ಬರಿಗೆ ಬೇಕಾಗಿತ್ತು.

"ಕಟ್ಟು ಇವನ್ನ. ನೀನು ಕಸುಬಿನವಳಂತೆ."

"ಎಲೆ ಇಲ್ವಲ್ಲ ಬುದ್ಧೀ."

"ಬೇಕಿಲ್ಲ."

"ಎಲೆ ಇಲ್ಲದ್ದನ್ನ ಕಟ್ಟಕ್ಕೆ ನನಗೆ ಬರಲ್ಲ."

ಮೇಸ್ತ್ರಿ ಅವಳ ಕೆನ್ನೆಗೆ ಹೊಡೆದ. ಬಾಯಿಂದ ರಕ್ತ ಬಂತು. ಅವಳ ಪಕ್ಕದಲ್ಲಿ ಬೇಸಿಗೆಯಲ್ಲಿ ಕಟ್ಟಿದ ಎಲೆಕಂತೆಗಳ ರಾಶಿ ಇತ್ತು, ಒಂದೊಂದಕ್ಕೂ ಹಲ್ಲಿನಲ್ಲಿ ಬಿಗಿದ ಗಂಟು. ಅವನು ಅದನ್ನು ಬೂಟುಗಾಲಲ್ಲಿ ಒದ್ದು ತೋರಿಸಿದ.

"ಇವನ್ನ ಯಾರು ಕಟ್ಟಿದ್ದು ಹಂಗಾದ್ರೆ?"

"ನಾನೇ."

"ಮತ್ತೆ?"

"ಅದು ಬರ್ತದೆ. ಇದು ಬರಲ್ಲ."

ಅವನು ಮತ್ತೆ ಹೊಡೆದ. ಅವಳು ರಕ್ತ ಉಗುಳಿ ಅದನ್ನೇ ಹೇಳಿದಳು. ಅದಿರಿನ ರಾಶಿಯ ಬಳಿಯಿಂದ ಅನಿಸ್ಯಾ ಎದ್ದು ನಿಂತು ನೋಡುತ್ತಿದ್ದಳು, ಕೈಯಲ್ಲಿ ಕಲ್ಲಿತ್ತು.